ನಾವಿಲ್ಲದ ಮೀಟಿಂಗು

ಅಪ್ರೈಸಲ್ ಸಮಯದಲ್ಲಿ ನಮ್ಮ ಬಗ್ಗೆ ಹೆಚ್ಚು ಮಾತು ನಡೆಯೋದು ನಾವಿಲ್ಲದ ಮೀಟಿಂಗಿನಲ್ಲಿ. ನಮ್ಮ ಕೈಗೆ ಬರೋದು ಒಂದು ರೇಟಿಂಗು, ನಯವಾದ ಎರಡು ಸಾಲು. ಅದಕ್ಕೆ ಫೀಡ್‌ಬ್ಯಾಕ್ ಅಂತೀವಿ. ಎಂಜಿನಿಯರುಗಳ ಈ ಪದ ಮನುಷ್ಯರಿಗೆ ಅಂಟಿಕೊಂಡ ಕಥೆ ಮಾತ್ರ ಬೇರೆಯೇ ಇದೆ.

1946ರ ಬೇಸಿಗೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಬ್ರಿಟನ್ ಊರಲ್ಲಿ, ಜನಾಂಗೀಯ ತಾರತಮ್ಯದ ವಿರುದ್ಧ ಕೆಲಸ ಮಾಡುವವರಿಗೊಂದು ತರಬೇತಿ ಶಿಬಿರ. ಅದರ ಮುಂದಾಳು ಮನೋವಿಜ್ಞಾನಿ ಕರ್ಟ್ ಲೆವಿನ್; ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲಿ ಜರ್ಮನಿ ಬಿಟ್ಟ ಯಹೂದಿ. ಹಗಲು ಶಿಬಿರಾರ್ಥಿಗಳ ಚರ್ಚೆ. ಸಂಶೋಧಕರು ಪಕ್ಕದಲ್ಲಿ ಕೂತು ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು. ಯಾರು ಹೇಗೆ ನಡೆದುಕೊಂಡರು ಅನ್ನೋ ವಿಶ್ಲೇಷಣೆ ಸಂಜೆ, ಸಿಬ್ಬಂದಿಯ ನಡುವೆ ಮಾತ್ರ. ಒಂದು ಸಂಜೆ ಕೆಲವು ಶಿಬಿರಾರ್ಥಿಗಳು ತಾವೂ ಕೂತು ಕೇಳಬಹುದೇ ಎಂದು ವಿಚಾರಿಸಿದರು. ಲೆವಿನ್ ಒಪ್ಪಿದರು. ತನ್ನ ನಡವಳಿಕೆಯ ವರದಿ ಕೇಳಿದ ಮಹಿಳೆಯೊಬ್ಬರು ಅಲ್ಲೇ ಆಕ್ಷೇಪ ಎತ್ತಿದರು. ಚರ್ಚೆ ಕಾವೇರಿತು. ಮುಂದಿನ ಸಂಜೆಗಳಿಗೆ ಶಿಬಿರದ ಬಹುಪಾಲು ಜನ ಬಂದು ಕೂತರು.

1947ರ ಫೆಬ್ರವರಿಯಲ್ಲಿ ಲೆವಿನ್ ತೀರಿಕೊಂಡರು. ಆ ಬೇಸಿಗೆಯಲ್ಲೇ ಅವರ ಸಹೋದ್ಯೋಗಿಗಳು ಮೇನ್ ರಾಜ್ಯದ ಬೆತೆಲ್‌ನಲ್ಲಿ ಈ ಪದ್ಧತಿಯನ್ನು ಮುಂದುವರಿಸಿದರು; ಟಿ-ಗ್ರೂಪ್ ಅಂತ ಹೆಸರಾಯಿತು. 1950ರ ದಶಕದ ಕೊನೆಯ ಹೊತ್ತಿಗೆ ಅದು ಕಂಪನಿಗಳ ಒಳಹೊಕ್ಕಿತು. ಆರ್ಗನೈಸೇಷನ್ ಡೆವಲಪ್‌ಮೆಂಟ್ ಅನ್ನೋ ಕ್ಷೇತ್ರದ ಒಂದು ಮುಖ್ಯ ಬೇರು ಇದು. ಪದ ಇವತ್ತಿಗೂ ನಮ್ಮ ಬಾಯಲ್ಲಿದೆ. ಆ ಸಂಜೆ ತೆರೆದ ಬಾಗಿಲು ಎಷ್ಟೋ ಕಡೆ ಮತ್ತೆ ಮುಚ್ಚಿದೆ.

ಮುಚ್ಚಿದ ಬಾಗಿಲಿಗೂ ಕಾರಣ ಇದೆ, ನಿಜ. ಬಾಸ್ ಬಗ್ಗೆ ಬರೆಯುವ ಜೂನಿಯರ್ ಹೆಸರು ಹೇಳಬೇಕು ಅಂದ್ರೆ ಯಾರು ಬಾಯಿ ಬಿಡ್ತಾರೆ? ಅಲ್ಲಿ ಗುಟ್ಟು ಬೇಕು. ಹಾಗಾಗಿ ಕೇಳಬೇಕಾದ್ದು ಇಷ್ಟು: ಈ ಗುಟ್ಟು ಯಾರನ್ನು ಕಾಯ್ತಿದೆ? ಸಂಬಳ ಕಳಕೊಳ್ಳಬಲ್ಲವನನ್ನೋ, ಸಂಬಳ ನಿರ್ಧರಿಸುವವನನ್ನೋ? ಎರಡಕ್ಕೂ ನಾವು ‘ಗೌಪ್ಯತೆ’ ಅನ್ನೋ ಒಂದೇ ಮರ್ಯಾದಸ್ಥ ಹೆಸರು ಇಟ್ಟುಬಿಟ್ಟಿದ್ದೀವಿ.

ನ್ಯೂ ಬ್ರಿಟನ್ನಿನ ಆ ಮಹಿಳೆ ಹೇಳಿದ್ದೇ ಸರಿ ಅಂತೇನಿಲ್ಲ. ಸಂಶೋಧಕರ ಕಣ್ಣಿಗೆ ಬಿದ್ದದ್ದೇ ನಿಜವಾಗಿರಬಹುದು. ಆದರೆ ಟಿಪ್ಪಣಿ ತೀರ್ಪಾಗುವ ಮೊದಲು, ‘ನನ್ನ ಕಡೆಯಿಂದ ನೋಡಿದರೆ ಹೀಗಿತ್ತು’ ಅನ್ನೋ ಅವಕಾಶ ಆಕೆಗೆ ಸಿಕ್ಕಿತು. ನಾಳೆ ನಾವೇ ಯಾರದೋ ರೇಟಿಂಗ್ ಬರೆಯುವ ಕುರ್ಚಿಯಲ್ಲಿ ಕೂರ್ತೀವಲ್ಲ, ಸಬ್‌ಮಿಟ್ ಒತ್ತೋ ಮೊದಲು ಅವರನ್ನು ಕರೆದು ಓದಿ ಹೇಳೋಣ. ಅವರೆದುರು ಓದಲಾರದ ಸಾಲನ್ನು ಅವರ ಬೆನ್ನ ಹಿಂದೆ ಬರೆಯೋ ಹಕ್ಕು ನಮಗೆಲ್ಲಿಂದ ಬಂತು?