ಔಷಧಮರ್ಯಾದೆ

ನೋಯುವವನ ನೋವನ್ನು ಶಮನಗೊಳಿಸುವುದು ಧರ್ಮವೆಂಬುದರಲ್ಲಿ ವಿವಾದವಿಲ್ಲ. ಆದರೆ ಶಮನಕ್ಕೆಂದು ಕೊಟ್ಟ ಔಷಧವೇ ಪ್ರಾಣಾಪಹಾರಕವಾದಲ್ಲಿ ದೋಷವು ಯಾರದು? ತಿಂದವನ ಚಾಪಲ್ಯವೇ ಕಾರಣವೆಂದು ಹೇಳಿ ಲೋಕವು ಸುಮ್ಮನಾಗುವುದುಂಟು. ಆ ತೀರ್ಪು ನ್ಯಾಯವಾದುದೆ ಎಂಬುದು ವಿಚಾರಾರ್ಹವಾಗಿದೆ.

ಆಯುರ್ವೇದಜ್ಞರು ಅತಿಯೋಗ, ಮಿಥ್ಯಾಯೋಗ, ಅಯೋಗಗಳೆಂದು ಮೂರು ದೋಷಗಳನ್ನು ಎಣಿಸಿರುವರು. ಮಿತಿಮೀರಿ ಬಳಸುವುದು ಮೊದಲನೆಯದು. ತಪ್ಪಾಗಿ ಬಳಸುವುದು ಎರಡನೆಯದು. ಬೇಕಾದೆಡೆಯಲ್ಲಿ ಬಳಸದಿರುವುದು ಮೂರನೆಯದು. ಅಫೀಮಿನ ವರ್ಗಕ್ಕೆ ಸೇರಿದ ನೋವಿನ ಔಷಧಗಳ ವಿಷಯದಲ್ಲಿ ಈ ಮೂರೂ ಸಂಭವಿಸಿವೆ.

ಅತಿಯೋಗಕ್ಕೆ ಅಮೆರಿಕಾ ಸಂಯುಕ್ತ ಸಂಸ್ಥಾನವು ನಿದರ್ಶನ. 1996ರಲ್ಲಿ ಪರ್ಡ್ಯೂ ಫಾರ್ಮಾ ಎಂಬ ಸಂಸ್ಥೆಯು ಆಕ್ಸಿಕಾಂಟಿನ್ ಎಂಬ ಗುಳಿಗೆಯನ್ನು ಮಾರಾಟಕ್ಕೆ ತಂದು, ಅದರಿಂದ ಚಟ ಹತ್ತುವ ಭಯವು ಅಲ್ಪವೆಂದು ಪ್ರಚಾರಮಾಡಿತು. ವೈದ್ಯರು ಅದನ್ನು ನಂಬಿದರು. ರೋಗಿಗಳು ವೈದ್ಯರನ್ನು ನಂಬಿದರು. 2007ರಲ್ಲಿ ಅದರ ಸಹಸಂಸ್ಥೆಯೂ 2020ರಲ್ಲಿ ಆ ಸಂಸ್ಥೆಯೂ ನ್ಯಾಯಾಲಯದಲ್ಲಿ ಅಪರಾಧವನ್ನೊಪ್ಪಿಕೊಂಡವು. ಅಷ್ಟರೊಳಗೆ ಚಟಕ್ಕೆ ಸಿಕ್ಕಿದವರಲ್ಲಿ ಕೆಲವರು ಹೆರಾಯಿನ್‌ಗೂ, ಕಳ್ಳಸಂತೆಯ ಫೆಂಟನಿಲ್‌ಗೂ ಇಳಿದಿದ್ದರು. 2021ನೆಯ ಒಂದೇ ವರ್ಷದಲ್ಲಿ ಆ ದೇಶದಲ್ಲಿ ಈ ವರ್ಗದ ದ್ರವ್ಯಗಳಿಂದ ಮಡಿದವರು 80,000ಕ್ಕೂ ಹೆಚ್ಚು. ಅವುಗಳಲ್ಲಿ ಬಹುಪಾಲು ಫೆಂಟನಿಲ್‌ನ ಮರಣಗಳು. ನಂಬಿ ನುಂಗಿದವನನ್ನು ಮಾತ್ರ ಪಾಪಿಯೆನ್ನುವುದು ಹೇಗೆ?

ಮಿಥ್ಯಾಯೋಗವಾದರೋ ಮನೆಯೊಳಗೇ ಹುಟ್ಟುತ್ತದೆ. ಒಬ್ಬರ ಶಸ್ತ್ರಚಿಕಿತ್ಸೆಗೆಂದು ತಂದು ಉಳಿದ ಗುಳಿಗೆ ಬೀರುವಿನಲ್ಲಿ ಮರೆತುಹೋಗುತ್ತದೆ. ಮತ್ತೊಬ್ಬರು ಕೇಳದೆ ತೆಗೆದುಕೊಳ್ಳುತ್ತಾರೆ, ಇಲ್ಲವೆ ಸ್ನೇಹಿತರು ಕರುಣೆಯಿಂದಲೇ ಕೊಡುತ್ತಾರೆ. ಅದರೊಡನೆ ಮದ್ಯವಾಗಲಿ ನಿದ್ರೆಯ ಗುಳಿಗೆಯಾಗಲಿ ಸೇರಿದರೆ ಉಸಿರಾಟವು ಕುಂದಿ, ನಿದ್ರೆಯೇ ಮರಣವಾಗಬಹುದು.

ಹಾಗಾದರೆ ಈ ಔಷಧವನ್ನೇ ವರ್ಜಿಸಬಹುದಷ್ಟೆ ಎಂದರೆ, ಅದು ಅಯೋಗ. ಭಾರತದಲ್ಲಿ 1985ರ ಮಾದಕದ್ರವ್ಯ ಕಾಯಿದೆಯ ಬಿಗಿಯಿಂದ, ಕಾನೂನಿನ ಪ್ರಕಾರವೇ ಅಫೀಮು ಬೆಳೆಯುವ ಈ ದೇಶದಲ್ಲಿಯೇ, ಕ್ಯಾನ್ಸರ್ ರೋಗಿಗಳು ಮಾರ್ಫಿನ್ ಸಿಗದೆ ನರಳಿದರು. 2014ರಲ್ಲಿ ಕಾಯಿದೆಯನ್ನು ತಿದ್ದಬೇಕಾಯಿತು. ಅಮೆರಿಕಾದಲ್ಲಿಯೂ ಭೀತರಾದ ಕೆಲವು ವೈದ್ಯರು ಔಷಧವನ್ನು ಹಠಾತ್ತಾಗಿ ನಿಲ್ಲಿಸಲು, ಅದರಿಂದಲೂ ಕೇಡುಂಟೆಂದು 2019ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಇಲಾಖೆಯು ಎಚ್ಚರಿಸಿತು.

ಆದುದರಿಂದ ಕೊಡುವುದರಿಂದಲೇ ಧರ್ಮವು ಮುಗಿಯದು; ಕೊಟ್ಟ ಮೇಲೆ ಕಾಯುವುದೂ ಧರ್ಮವೇ. ಅಲ್ಪಮಾತ್ರೆಯನ್ನು ಅಲ್ಪಕಾಲಕ್ಕೆ ಬರೆದು ಮತ್ತೆ ವಿಚಾರಿಸುವುದು ವೈದ್ಯನ ಕರ್ತವ್ಯ; ಔಷಧವನ್ನು ಬೀಗದಲ್ಲಿಟ್ಟು, ಉಳಿದುದನ್ನು ಅಂಗಡಿಗೆ ಹಿಂದಿರುಗಿಸಿಯೋ ಸುರಕ್ಷಿತವಾಗಿ ನಾಶಮಾಡಿಯೋ ಬಿಡುವುದು ಗೃಹಸ್ಥನ ಕರ್ತವ್ಯ. ನಿಂತುಹೋಗುತ್ತಿರುವ ಉಸಿರನ್ನು ಮರಳಿಸುವ ನಲೋಕ್ಸೋನ್ ಎಂಬ ಪ್ರತ್ಯೌಷಧವನ್ನು ಅಮೆರಿಕಾ 2023ರಲ್ಲಿ ವೈದ್ಯರ ಚೀಟಿಯಿಲ್ಲದೆಯೇ ಮಾರಲು ಒಪ್ಪಿತು. ಇದು ದುಶ್ಚಟಕ್ಕೆ ಧೈರ್ಯ ಕೊಟ್ಟಂತಾಗುವುದೆಂದು ಆಕ್ಷೇಪಿಸುವವರುಂಟು. ಆದರೆ ಬಾವಿಗೆ ಬಿದ್ದವನಿಗೆ ಹಗ್ಗವನ್ನೆಸೆಯುವ ಮುನ್ನ ಅವನ ನಡತೆಯನ್ನು ವಿಚಾರಿಸುವವರಾರು? ಸತ್ತವನು ತಿದ್ದಿಕೊಳ್ಳಲಾರನು, ಬದುಕಿದವನಿಗೆ ಮಾತ್ರವೇ ತಿದ್ದಿಕೊಳ್ಳುವ ಅವಕಾಶ.

ನಾಚಿಕೆಯಿಂದ ಬಾಗಿಲು ಮುಚ್ಚಿಕೊಂಡವನು ಒಂಟಿಯಾಗಿ ಸಾಯುತ್ತಾನೆ. ಆ ಬಾಗಿಲನ್ನು ತಟ್ಟುವ ನೆರೆಯವನಿದ್ದಲ್ಲಿ ಅನೇಕ ಮರಣಗಳು ತಪ್ಪುವುವು.