ಎರಡು ವರ್ಷ ಎಲ್ಲಿದ್ದೆ?

ಅಂತಿಮ ವರ್ಷದ ಬಿ.ಕಾಂ. ಮಕ್ಕಳಿಗೆ ಅಣಕು ಸಂದರ್ಶನ ನಡೆಸುವ ಕೆಲಸ ಕೆಲವು ವರ್ಷಗಳಿಂದ ನನ್ನ ಹೆಗಲಿಗೆ ಬಿದ್ದಿದೆ. ನಾನು ಕನ್ನಡ ಮೇಷ್ಟ್ರು. ಬೇರೆ ಯಾರೂ ಒಪ್ಪಲಿಲ್ಲವಾದ್ದರಿಂದ ನನಗೆ ಬಂತು ಅನ್ನುವುದು ನಿಜ. ಗ್ರಂಥಾಲಯದ ಪಕ್ಕದ ಕೋಣೆಯಲ್ಲಿ ಮೇಜಿನಾಚೆ ಕಂಪನಿಯವನ ಹಾಗೆ ಮುಖ ಬಿಗಿದುಕೊಂಡು ಕೂರುತ್ತೇನೆ. ಮಕ್ಕಳು ಒಬ್ಬೊಬ್ಬರಾಗಿ ಬಂದು, ತಾವಲ್ಲದ ಯಾರೋ ಒಬ್ಬರ ಬಗ್ಗೆ ಹೇಳಿ ಹೋಗುತ್ತಾರೆ.

‘ನಿಮ್ಮ ದೌರ್ಬಲ್ಯ ಏನು?’ ಎಂದು ಕೇಳಿದರೆ ಹತ್ತರಲ್ಲಿ ಎಂಟು ಮಂದಿ, ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡದಿದ್ದರೆ ನನಗೆ ಸಮಾಧಾನವಿಲ್ಲ ಸರ್ ಅನ್ನುತ್ತಾರೆ. ಹೋಮ್‌ವರ್ಕನ್ನು ಬಸ್ಸಿನಲ್ಲಿ ಬರೆದುಕೊಂಡು ಬರುವ ಹುಡುಗರೂ ಇದೇ ಮಾತನ್ನೇ ಹೇಳುತ್ತಾರೆ. ನನಗೆ ನಗು ಬರುತ್ತದೆಯೇ ಹೊರತು ಬೇಸರವಾಗುವುದಿಲ್ಲ. ಕೇಳುವವನಿಗೂ ಇದು ಬಾಯಿಪಾಠವೆಂದು ಗೊತ್ತು, ಹೇಳುವವನಿಗೂ ಗೊತ್ತು. ‘ನಮ್ಮ ಕಂಪನಿ ಒಂದು ಕುಟುಂಬವಿದ್ದ ಹಾಗೆ’ ಎಂದು ಆ ಕಡೆಯವರೂ ಹೇಳುತ್ತಾರಲ್ಲ! ಇಬ್ಬರೂ ವೇಷ ಕಟ್ಟಿದ ಆಟದಲ್ಲಿ ಮೋಸಹೋದವರು ಯಾರು?

ಹೋದ ವರ್ಷ ಒಬ್ಬಳು ಹುಡುಗಿ ಬಂದಳು. ಪಿ.ಯು.ಸಿ. ಮುಗಿದಮೇಲೆ ಎರಡು ವರ್ಷದ ಲೆಕ್ಕ ಅವಳ ರೆಸ್ಯೂಮೆಯಲ್ಲಿ ಇರಲಿಲ್ಲ. ಆ ಎರಡು ವರ್ಷ ಎಲ್ಲಿದ್ದೆಯಮ್ಮಾ ಎಂದೆ. ತಲೆ ತಗ್ಗಿಸಿ, “ಗಾರ್ಮೆಂಟ್ಸ್‌ಗೆ ಹೋಗ್ತಿದ್ದೆ ಸರ್” ಅಂದಳು. ಅಪ್ಪನ ಸಾಲ ಇತ್ತು. ಬೆಳಿಗ್ಗೆ ಊರಿನ ಬಳಿ ಬರುವ ಫ್ಯಾಕ್ಟರಿ ಬಸ್ಸು ಹತ್ತಿ ಹೋದರೆ ಮನೆಗೆ ಬರುವಾಗ ಕತ್ತಲು. ನಾನು ತಡಮಾಡದೆ ಅವಳ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ‘ಕಂಪ್ಯೂಟರ್ ಕೋರ್ಸ್’ ಎಂದು ಬರೆದೆ. ಹೀಗೆ ಹೇಳು, ಯಾರೂ ಸರ್ಟಿಫಿಕೇಟ್ ಕೇಳಲ್ಲ ಎಂದೆ.

ಅವಳು ಹಾಳೆ ನೋಡಿ, “ಅಲ್ಲಿಗೆ ಹೋಗಿದ್ದು ತಪ್ಪಾ ಸರ್?” ಅಂದಳು.

‘ಇದು ಸುಳ್ಳಲ್ವಾ’ ಎಂದು ಕೇಳಿದ್ದರೆ ನನ್ನ ಬಳಿ ಉತ್ತರ ಸಿದ್ಧವಿತ್ತು. ಅವಳು ಕೇಳಿದ್ದೇ ಬೇರೆ.

ಸುಳ್ಳಿನ ವಿಚಾರ ಬಂದಾಗ ನಾವು ಧರ್ಮರಾಯನ ಬಳಿ ಹೋಗುತ್ತೇವೆ. ಅಶ್ವತ್ಥಾಮ ಸತ್ತನೆಂದು ಗಟ್ಟಿಯಾಗಿ ಹೇಳಿ, ಆನೆ ಎಂಬುದನ್ನು ಮೆಲ್ಲಗೆ ನುಡಿದದ್ದಕ್ಕೆ ನೆಲಕ್ಕೆ ತಾಗದೆ ಚಲಿಸುತ್ತಿದ್ದ ಅವನ ರಥ ನೆಲಕ್ಕಿಳಿಯಿತು. ಅಲ್ಲಿನ ಪಾಪ ಮಾತಿನದಷ್ಟೇ ಅಲ್ಲ. ಇವನು ಸುಳ್ಳಾಡನೆಂದು ನಂಬಿಯೇ ದ್ರೋಣ ಅವನನ್ನು ಕೇಳಿದ್ದ. ಆ ನಂಬಿಕೆಯೇ ಅವನ ಕೊಲೆಗೆ ಆಯುಧವಾಯಿತು. ಸಂದರ್ಶನದ ಕೋಣೆಯಲ್ಲಿ ಅಂಥ ನಂಬಿಕೆ ಮೊದಲೇ ಇಲ್ಲ. ಇನ್ನು ಕಾಂಟ್ 1797ರ ಲೇಖನದಲ್ಲಿ, ಗೆಳೆಯನನ್ನು ಕೊಲ್ಲಲು ಬಂದವನು ಬಾಗಿಲಲ್ಲಿ ನಿಂತು ಕೇಳಿದರೂ ಸುಳ್ಳು ಹೇಳಕೂಡದು ಎನ್ನುತ್ತಾನೆ. ಅಷ್ಟು ಕಠಿಣನಾದವನೂ ಎಲ್ಲವನ್ನೂ ಬಾಯಿಬಿಟ್ಟು ಹೇಳಲೇಬೇಕೆನ್ನುವುದಿಲ್ಲ. ಹೇಳದೆ ಉಳಿಸಿಕೊಳ್ಳುವುದು ಬೇರೆ, ಇಲ್ಲದ್ದನ್ನು ಹೇಳುವುದು ಬೇರೆ.

ಇವೆಲ್ಲ ಕೇಳುವವನಿಗೆ ಆಗುವ ಅನ್ಯಾಯದ ಲೆಕ್ಕ. ನಾನು ಆ ಹುಡುಗಿಗೆ ಮಾಡಿದ್ದು ಯಾವ ಲೆಕ್ಕಕ್ಕೆ ಬರುತ್ತದೆ? ಮನೆಯ ಸಾಲ ತೀರಿಸಿದ ಎರಡು ವರ್ಷವನ್ನು, ಮುಚ್ಚಿಡಬೇಕಾದ ಕಲೆಯಂತೆ ಪೆನ್ಸಿಲಿನಿಂದ ಅಳಿಸಿದ್ದೆ. ಅದೂ ಅವಳ ಒಳ್ಳೆಯದಕ್ಕೇ ಎಂದುಕೊಂಡು. ತಯಾರಿ ಎಂದರೆ ಇರುವುದನ್ನು ಒಪ್ಪವಾಗಿ ಹೇಳಲು ಕಲಿಯುವುದು ಎಂದುಕೊಂಡಿದ್ದವನು ನಾನು. ಎಷ್ಟು ಮಕ್ಕಳಿಗೆ ಹೀಗೆ ತಮ್ಮ ಬದುಕಿನ ಬಗ್ಗೆ ನಾಚಿಕೆಪಡುವುದನ್ನು ಕಲಿಸಿ ಕಳಿಸಿದೆನೋ.

ಹಾಗೆಂದು ನಿಜ ಹೇಳಿದರೆ ಕೆಲಸ ಸಿಗುತ್ತದೆ ಎಂಬ ಭ್ರಮೆಯೂ ನನಗಿಲ್ಲ. ಮಾತು ಬಲ್ಲವರಿಗೆ ಮಣೆ ಹಾಕುವ ಪದ್ಧತಿ ಇದು. ಕೆಳಹಂತದ ಹುದ್ದೆಗಳಲ್ಲಿ ಇದರಿಂದ ಶಿಫಾರಸು, ಲಂಚಗಳಿಗೆ ದಾರಿಯಾಗುತ್ತದೆಂದು ಕೇಂದ್ರ ಸರ್ಕಾರವೇ 2016ರ ಜನವರಿ 1ರಿಂದ ಗ್ರೂಪ್ ‘ಸಿ’ ಹಾಗೂ ಗೆಜೆಟೆಡ್ ಅಲ್ಲದ ಗ್ರೂಪ್ ‘ಬಿ’ ಹುದ್ದೆಗಳಿಗೆ ಸಂದರ್ಶನ ಕೈಬಿಟ್ಟಿತು. ಖಾಸಗಿಯವರು ಬಿಟ್ಟಿಲ್ಲ. ನನ್ನ ಸಂಬಳ ಮೊದಲ ತಾರೀಖಿಗೆ ಬರುತ್ತದೆ. ಪ್ರಾಮಾಣಿಕತೆಯ ಬೆಲೆ ಕಟ್ಟಬೇಕಾದವಳು ಅವಳು. ಅದಕ್ಕೇ ‘ನಿಜವನ್ನೇ ಹೇಳು’ ಎಂದು ಉಪದೇಶಿಸುವ ಧೈರ್ಯವೂ ಬರಲಿಲ್ಲ.

ರಬ್ಬರ್ ತೆಗೆದು ನಾನು ಬರೆದದ್ದನ್ನು ಉಜ್ಜಿದೆ. ಅಲ್ಲಿ ಏನು ಕೆಲಸ ಮಾಡ್ತಿದ್ದೆ ಎಂದು ಕೇಳಿದೆ, ಈ ಸಲ ಕಂಪನಿಯವನ ದನಿಯಲ್ಲಲ್ಲ. ಮೊದಲು ಹೆಲ್ಪರ್, ಆಮೇಲೆ ಚೆಕಿಂಗ್. ಗಂಟೆಗಿಷ್ಟು ಪೀಸು ಎಂದು ಟಾರ್ಗೆಟ್. ಹೊಲಿಗೆ ಬಿಟ್ಟಿದ್ದರೆ, ಕಾಲರ್ ಓರೆಯಾಗಿದ್ದರೆ ವಾಪಸ್ ಕಳಿಸಬೇಕು. ಕಳಿಸಿದರೆ ಹೊಲಿದವಳ ಮೇಲೆ ಸೂಪರ್‌ವೈಸರ್ ಕೂಗಾಡುತ್ತಾನೆ. “ಅವಳು ಪಕ್ಕದಲ್ಲೇ ಕೂತು ಊಟ ಮಾಡೋಳು ಸರ್. ಆದ್ರೂ ಕಳಿಸ್ಲೇಬೇಕಿತ್ತು.” ಇಪ್ಪತ್ತು ನಿಮಿಷ ಮಾತಾಡಿದಳು. ಒಮ್ಮೆಯೂ ತಡವರಿಸಲಿಲ್ಲ. ಏನು ಹೇಳಬೇಕೆಂಬುದನ್ನು ನೀನೇ ತೀರ್ಮಾನ ಮಾಡು ಎಂದು ಕಳಿಸಿದೆ.

ಬೆಂಗಳೂರಿನಿಂದ ಫೋನ್ ಮಾಡಿದಳು. “ಆಗ್ಲಿಲ್ಲ ಸರ್.”

“ಆ ಎರಡು ವರ್ಷದ ಬಗ್ಗೆ ಏನು ಹೇಳ್ದೆ?”

“ಹೇಳೋಕೆ ರೆಡಿಯಾಗಿದ್ದೆ. ಅವ್ರು ಕೇಳ್ಲೇ ಇಲ್ಲ. ಸ್ಕೂಟರ್ ಓಡ್ಸೋಕೆ ಬರುತ್ತಾ ಅಂತ ಕೇಳಿದ್ರು.”

“ಏನಂದೆ?”

“ಬರಲ್ಲ ಅಂದೆ. ಚಿಕ್ಕಪ್ಪನ ಗಾಡಿ ಇದೆ, ಭಾನುವಾರದಿಂದ ಕಲಿಬೇಕು ಸರ್.”