ಲೆಕ್ಕದ ನಗರದಲ್ಲಿ ನ್ಯಾಯ

ಚಾಲಕರಿಲ್ಲದ ವಿದ್ಯುತ್ ಕಾರುಗಳನ್ನು ಜನ ಹಂಚಿಕೊಂಡು ಬಳಸಿದರೆ ಏನಾದೀತೆಂದು ತಿಳಿಯಲು ಕಂಪ್ಯೂಟರಿನಲ್ಲೇ ನಗರವೊಂದನ್ನು ಕಟ್ಟುತ್ತಾರೆ. ಜ್ಯೂರಿಕ್, ಬರ್ಲಿನ್‌ಗಳಲ್ಲಿ ಬೆಳೆದ ಮ್ಯಾಟ್‌ಸಿಮ್ ತಂತ್ರಾಂಶದಲ್ಲಿ ಪ್ರತಿ ಕಾಲ್ಪನಿಕ ನಿವಾಸಿಗೂ ಒಂದು ದಿನಚರಿ: ಮನೆ, ಕೆಲಸ, ಮತ್ತೆ ಮನೆ. ಕೆಲಸದಲ್ಲಿರುವ ಹೊತ್ತಿಗೆ ಅಂಕ ಸೇರುತ್ತದೆ, ತಡವಾದರೆ ಕಳೆಯುತ್ತದೆ. ಅದೇ ದಿನವನ್ನು ಮತ್ತೆ ಮತ್ತೆ ಓಡಿಸಿ, ಅಂಕ ಹೆಚ್ಚುವಂತೆ ದಿನಚರಿಯನ್ನು ತಿದ್ದಲಾಗುತ್ತದೆ. ಸುಖವನ್ನು ಎಣಿಸಬಹುದೆಂಬ ತತ್ವಜ್ಞಾನಿ ಬೆಂಥಾಮನ ನಂಬಿಕೆ ಇಲ್ಲಿ ಸೂತ್ರದ ರೂಪ ತಾಳಿದೆ.

ಲಿಸ್ಬನ್ ನಗರವನ್ನು ಹೀಗೆ ಕಂಪ್ಯೂಟರಿನಲ್ಲಿ ಕಟ್ಟಿ ನೋಡಿದ 2015ರ ಅಧ್ಯಯನದ ಪ್ರಕಾರ, ಹಂಚಿಕೊಂಡು ಬಳಸುವ ಚಾಲಕರಿಲ್ಲದ ಕಾರುಗಳ ಜೊತೆಗೆ ಮೆಟ್ರೊ ಇದ್ದರೆ ಹತ್ತರಲ್ಲಿ ಒಂಬತ್ತು ಕಾರುಗಳು ಬೇಕಿಲ್ಲ. ಭರವಸೆ ದೊಡ್ಡದೇ. ಆದರೆ ಕಾರಿಗಾಗಿ ಸರಾಸರಿ ಕಾಯುವಿಕೆ ತಗ್ಗಿದರೂ ಹೊರವಲಯದವರು, ಗಾಲಿಕುರ್ಚಿ ಬಳಸುವವರು ಹೆಚ್ಚು ಕಾಯಬೇಕಾಗಬಹುದು. ಬ್ಯಾಟರಿ ಇಳಿದ ಕಾರು ಯಾವ ಬಡಾವಣೆಯನ್ನು ಬಿಟ್ಟು ಚಾರ್ಜಿಂಗಿಗೆ ಹೋಗಬೇಕೆಂಬುದೂ ನ್ಯಾಯದ ಪ್ರಶ್ನೆಯೇ. ತತ್ವಜ್ಞಾನಿ ಜಾನ್ ರಾಲ್ಸ್‌ನ ತತ್ವದಂತೆ ಎಲ್ಲರಿಗಿಂತ ಹಿಂದುಳಿದವರ ಸ್ಥಿತಿಯಿಂದ ಅಳೆದರೆ, ಯಾವ ವ್ಯವಸ್ಥೆ ಮೇಲೆಂಬ ತೀರ್ಮಾನವೇ ಬದಲಾಗಬಹುದು.